ಅಂಗಳದ ಮರಕ್ಕೆ ಬಿಸಿಲು ಕೊಡುವ ಬಣ್ಣ



ಭಾಲ್ಕಿಯ ಹಳೇ ಓಣಿಗಳಲ್ಲಿ ಇನ್ನೂ ಉಳಿದಿರುವ ಯಾವುದಾದರೊಂದು ವಾಡೆಯ ತಲಬಾಗಿಲ ಮುಂದೆ ನಿಂತು ಸಾವಕಾಶವಾಗಿ ನೋಡಿ. ಮರ ಒಂದೇ, ಕೆತ್ತಿದ ಬಡಿಗೇರರ ಕೈ ಒಂದೇ, ನಿಲ್ಲಿಸಿದ ದಿನವೂ ಒಂದೇ. ಬಣ್ಣ ಮಾತ್ರ ಒಂದಲ್ಲ. ಛಜ್ಜಾದ ನೆರಳು ಬೀಳುವ ಮೇಲ್ಭಾಗ ಗಾಢ ಕಂದು. ಚಿಲಕ, ಬಳೆಗಳಿರುವ ನಡುಭಾಗ ಕಪ್ಪಗೆ ಮಿರುಗುತ್ತದೆ. ಮೂರು ತಲೆಮಾರಿನ ಅಂಗೈ ಜಿಡ್ಡು ಅಲ್ಲಿ ಕೂತಿದೆ. ಹೊಸ್ತಿಲ ಕಡೆ ಇಳಿದಂತೆ ಬಾಗಿಲು ಬೂದಿ ಬಣ್ಣಕ್ಕೆ ತಿರುಗಿ, ಮರದ ನಾರು ಎದ್ದು ಬೆರಳಿಗೆ ಒರಟಾಗಿ ತಾಗುತ್ತದೆ. ಎಂದೋ ಹೊಡೆದಿದ್ದ ಮನೆ ನಂಬರಿನ ತಗಡು ಕಳಚಿ ಬಿದ್ದಿದ್ದರೆ, ಅದರ ಅಡಿಯ ಅಂಗೈಯಗಲದ ಚೌಕದಲ್ಲಿ ಮರದ ಮೊದಲ ಬಣ್ಣ ಹಾಗೇ ಉಳಿದಿರುತ್ತದೆ. ಬಾಗಿಲು ಹೀಗೆ ತನ್ನ ಲೆಕ್ಕವನ್ನು ತಾನೇ ಬರೆದಿಟ್ಟಿರುತ್ತದೆ. ಎಲ್ಲಿ ಬಿಸಿಲು ಬಿತ್ತು, ಎಲ್ಲಿ ಮಳೆ ಸಿಡಿಯಿತು, ಎಲ್ಲಿ ಎರಡೂ ಸೋಕಲಿಲ್ಲ ಎಂಬುದನ್ನು ಓದಿಕೊಳ್ಳಬಹುದು.

ಇವತ್ತು ನಾನು ಮಾತಾಡಹೊರಟಿರುವುದು ಆ ಲೆಕ್ಕದ ಬಗ್ಗೆ. ಬಾಗಿಲಷ್ಟೇ ಅಲ್ಲ, ಅಂಗಳದ ಬೆಂಚು, ಬೇವಿನ ಗಿಡದ ಬುಡದಲ್ಲಿ ಸದಾ ಬಿದ್ದಿರುವ ಹೊರಸು, ತೂಗುಮಣೆ, ಮಾಳಿಗೆಯ ಮೇಲಿನ ಹಳೇ ಕುರ್ಚಿ ಎಲ್ಲವೂ ಇದರೊಳಗೆ ಬರುತ್ತವೆ. ಇವು ಬಣ್ಣಗೆಟ್ಟವೆಂದು ನಾವು ವರ್ಷವರ್ಷ ವಾರ್ನಿಷ್ ಬಳಿಯುತ್ತೇವೆ, ಅದು ವರ್ಷವರ್ಷ ಸುಲಿದು ಬೀಳುತ್ತದೆ. ಆ ಖರ್ಚಿನಲ್ಲಿ ಬಹುಪಾಲು ದಂಡವೆಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳಲು ಮೊದಲು ಮರದೊಳಗೆ ನಡೆಯುವುದನ್ನು ಹೇಳಬೇಕು.

ಯಾವ ಮರವನ್ನೇ ತೆಗೆದುಕೊಳ್ಳಿ, ಅದರ ಒಣ ತೂಕದ ಅರ್ಧಕ್ಕೆ ಹತ್ತಿರದಷ್ಟು ಸೆಲ್ಯುಲೋಸ್ ಎಂಬ ನಾರು ಇರುತ್ತದೆ. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಬಿಗಿ ಕೊಡುವ ವಸ್ತು ಲಿಗ್ನಿನ್. ಇದು ಕಾಲು ಭಾಗದ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ಸೆಲ್ಯುಲೋಸಿನ ಬಳಗವೇ. ಇವುಗಳ ಜೊತೆಗೆ ಪ್ರತಿ ಮರದ್ದೂ ಅದರದೇ ಎಣ್ಣೆ, ರಾಳ, ಒಗರು, ಬಣ್ಣ ಸ್ವಲ್ಪ ಸ್ವಲ್ಪ ಇರುತ್ತವೆ. ಸೆಲ್ಯುಲೋಸ್ ಬೆಳ್ಳಗೆ, ಬಿಸಿಲಿಗೆ ಬೇಗ ಬಗ್ಗುವುದಿಲ್ಲ. ಬಿಸಿಲನ್ನು ಹೀರಿ ಕೆಡುವುದು ಲಿಗ್ನಿನ್. ಮರದ ಮೇಲೆ ಬೀಳುವ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಅದೊಂದೇ ಹೀರಿಕೊಳ್ಳುತ್ತದೆ. ಹೀರಿದ ಕೂಡಲೇ ಅದರ ಕೊಂಡಿಗಳು ಕಡಿದು, ಗಾಳಿಯ ಆಮ್ಲಜನಕದೊಡನೆ ಸೇರಿ, ಹಳದಿ ಮತ್ತು ಕಂದು ಬಣ್ಣದ ಹೊಸ ವಸ್ತುಗಳು ಹುಟ್ಟುತ್ತವೆ. ನಿಮ್ಮ ಮನೆಯಲ್ಲೇ ಇದನ್ನು ಕಾಣಬಹುದು. ಬೆಳಗಿನ ಪತ್ರಿಕೆಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಬಿಟ್ಟರೆ ಕೆಲವೇ ದಿನದಲ್ಲಿ ಹಳದಿಯಾಗುತ್ತದೆ. ಪಕ್ಕದಲ್ಲೇ ಇಟ್ಟ ಒಳ್ಳೆಯ ಬಿಳಿ ಬರವಣಿಗೆ ಕಾಗದ ಹಾಗಾಗುವುದಿಲ್ಲ. ಎರಡೂ ನಾರಿನಿಂದ ಆದವೇ. ಆದರೆ ಬರವಣಿಗೆ ಕಾಗದದಿಂದ ಲಿಗ್ನಿನ್ ತೆಗೆದುಹಾಕಿರುತ್ತಾರೆ, ಪತ್ರಿಕೆಯ ಕಾಗದದಲ್ಲಿ ಅದು ಉಳಿದಿರುತ್ತದೆ.

ಇಷ್ಟೆಲ್ಲ ನಡೆಯುವುದು ಎಷ್ಟು ಆಳದವರೆಗೆ? ನೇರಳಾತೀತ ಕಿರಣ ಮರದೊಳಗೆ ಇಳಿಯುವುದು ಸುಮಾರು 75 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪ. ಕಣ್ಣಿಗೆ ಕಾಣುವ ಬೆಳಕು ಇನ್ನಷ್ಟು ಒಳಗೆ, ಸುಮಾರು 200 ಮೈಕ್ರಾನಿನವರೆಗೆ ಹೋಗುತ್ತದೆ. ಅದರಾಚೆಗಿನ ಮರಕ್ಕೆ ಹೊರಗೆ ಬಿಸಿಲಿದೆ ಎಂಬ ಸುದ್ದಿಯೇ ಮುಟ್ಟುವುದಿಲ್ಲ. ಬೂದಿ ಬಣ್ಣಕ್ಕೆ ತಿರುಗಿದ ಬೆಂಚನ್ನು ಕಂಡು ಮರ ಹೋಯಿತು ಎಂದು ಮರುಗುವವರು ಅದರ ಒಂದು ಮೂಲೆಯನ್ನು ಹತ್ತರಿಯಿಂದ ಒಂದೆರಡು ಸಲ ಎಳೆದು ನೋಡಲಿ. ಕೊಂಡ ದಿನದ ಬಣ್ಣ ಅಡಿಯಲ್ಲೇ ಇರುತ್ತದೆ.

ಹಾಗಾದರೆ ಬಿಸಿಲಿಗೆ ಮರ ಕಂದಾಗಬೇಕಲ್ಲ, ಬೂದಿ ಬಣ್ಣ ಏಕೆ ಬರುತ್ತದೆ? ಅದು ಮಳೆಯ ಕೆಲಸ. ಬಿಸಿಲು ಕಡಿದ ಲಿಗ್ನಿನ್ ಚೂರುಗಳು ನೀರಿನಲ್ಲಿ ಕರಗುತ್ತವೆ. ನಮ್ಮಲ್ಲಿ ಮಾರ್ಚಿನಿಂದ ಮೇ ತನಕ ಬಿಸಿಲು ಮರವನ್ನು ಕಾಯಿಸಿ ಹಳದಿ ಮಾಡುತ್ತದೆ. ಜೂನಿನಲ್ಲಿ ಬಂದ ಮಳೆ ಆ ಹಳದಿಯನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬರೀ ಬಿಳಿ ನಾರು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಬೂಷ್ಟು ಬೆಳೆದು, ಬಿಳಿಗೆ ಕಪ್ಪು ಬೆರೆತು ಬೂದಿ ಬಣ್ಣವಾಗುತ್ತದೆ. ಆದ್ದರಿಂದಲೇ ವಾಡೆಯ ಬಾಗಿಲಿನ ಮೇಲ್ಭಾಗ ಕಂದು, ಕೆಳಭಾಗ ಬೂದಿ. ಛಜ್ಜಾದ ಅಡಿಗೆ ಬೆಳಕು ಬಂದರೂ ಮಳೆಹನಿ ಬರಲಿಲ್ಲ.

ಈ ಮಾತಿಗೆ ಸಾಕ್ಷಿ ದೂರದ ಸ್ವಿಟ್ಜರ್ಲೆಂಡಿನಲ್ಲೂ ಇದೆ. ಅಲ್ಲಿ ವಾಲೆ ಎಂಬ ಸೀಮೆ ಆಲ್ಪ್ಸ್ ಪರ್ವತದ ಮರೆಯಲ್ಲಿರುವುದರಿಂದ ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿಯ ಹಳ್ಳಿಗಳ ಹಳೇ ಮರದ ಮನೆಗಳಿಗೆ ಯಾರೂ ಬಣ್ಣ ಬಳಿದಿಲ್ಲ, ಆದರೂ ಬಿಸಿಲು ಬೀಳುವ ಗೋಡೆಗಳು ಸುಟ್ಟಂತೆ ಕರಿಗಂದು. ಮಳೆಯಿಲ್ಲದೆ ಬಿಸಿಲೊಂದೇ ಸಿಕ್ಕರೆ ಮರ ಕಪ್ಪಗಾಗುತ್ತದೆ. ಎರಡೂ ಸಿಕ್ಕರೆ ಬೆಳ್ಳಗಾಗುತ್ತದೆ. ನಮ್ಮ ಬೀದರ ಜಿಲ್ಲೆಗೆ ವರ್ಷಕ್ಕೆ ಎಂಟುನೂರು ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ, ಅದೂ ಹೆಚ್ಚಾಗಿ ನಾಲ್ಕೇ ತಿಂಗಳಲ್ಲಿ. ಹೀಗಾಗಿ ನಮ್ಮ ಬಯಲಲ್ಲಿ ಬಿದ್ದ ಮರಕ್ಕೆ ಬೂದಿ ಬಣ್ಣ ತಪ್ಪಿದ್ದಲ್ಲ.

ಇನ್ನು ಬಿಸಿಲು ಎಲ್ಲಿ, ಯಾವಾಗ ಬೀಳುತ್ತದೆ ಎಂಬುದು. ಬೇಸಿಗೆಯ ಬಿಸಿಲೇ ಬಾಗಿಲು ಕಿಟಕಿಗಳನ್ನು ಸುಡುವುದೆಂದು ನಾವು ತಿಳಿದಿರುತ್ತೇವೆ. ಆದರೆ ಭಾಲ್ಕಿ ಇರುವುದು 18 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ. ಮೇ ತಿಂಗಳ ನಡುವಿನಲ್ಲಿ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ತಾಗುವುದೇ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಬಾಗಿಲಿಗೆ ಬಿಸಿಲಿನ ಕಾಲವೆಂದರೆ ಚಳಿಗಾಲ. ಎಳ್ಳಮಾಸಿಗೆ ನಾವು ಹೊಲಕ್ಕೆ ಚರಗ ಚೆಲ್ಲಲು ಹೋಗುವ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಆಕಾಶದ ಅರ್ಧ ಎತ್ತರಕ್ಕಿಂತ ತುಸುವೇ ಮೇಲಿರುತ್ತಾನೆ, ಸುಮಾರು 48 ಡಿಗ್ರಿ. ಎರಡಡಿ ಮುಂಚಾಚಿದ ಛಜ್ಜಾ ಆಗ ಎರಡೂಕಾಲು ಅಡಿಯಷ್ಟೇ ನೆರಳು ಕೊಡುತ್ತದೆ. ಬಾಗಿಲಿನ ಕೆಳಗಿನ ಪಾಲು ದಿನವೆಲ್ಲ ಬಿಸಿಲು ಕುಡಿಯುತ್ತದೆ. ಪೂರ್ವ, ಪಶ್ಚಿಮದ ಬಾಗಿಲುಗಳಿಗೆ ಋತುವಿನ ಹಂಗಿಲ್ಲ, ದಿನಾಲೂ ಅರ್ಧ ದಿನ ಅವುಗಳ ಪಾಳಿ.

ಬೇಸಿಗೆಯ ಪೂರ್ತಿ ಪೆಟ್ಟು ತಿನ್ನುವುದು ಅಂಗಾತ ಮಲಗಿದ ಮರ. ಬೆಂಚಿನ ಹಲಗೆ, ಮೇಜಿನ ಮುಖ, ಕುರ್ಚಿಯ ಕೈ. ಬಿಸಿಲೂ ಅದರ ಮೇಲೆಯೇ, ಮಳೆ ನೀರು ನಿಲ್ಲುವುದೂ ಅದರ ಮೇಲೆಯೇ. ಒಂದೇ ದಿಮ್ಮಿಯಿಂದ ಬಾಗಿಲನ್ನೂ ಬೆಂಚನ್ನೂ ಮಾಡಿಸಿದವರು ಬೆಂಚು ಮೊದಲು ಬೆಳ್ಳಗಾದರೆ ಬಡಿಗೇರರನ್ನು ಬೈಯಬಾರದು. ಮನೆಯೊಳಗೆ ಕಿಟಕಿ ಪಕ್ಕದ ಮೇಜು ಒಂದು ಬದಿಗೆ ಬಣ್ಣ ಬದಲಿಸಿದರೂ ಬೈಯಬಾರದು. ಕಿಟಕಿಯ ಗಾಜು ತೀಕ್ಷ್ಣವಾದ ಕಿರಣಗಳನ್ನಷ್ಟೇ ತಡೆಯುತ್ತದೆ, ಉಳಿದ ನೇರಳಾತೀತದಲ್ಲಿ ಬಹಳಷ್ಟನ್ನು ಒಳಗೆ ಬಿಡುತ್ತದೆ.

ಮರದ ಜಾತಿಯ ಮಾತಿಗೆ ಬರೋಣ. ನಮ್ಮ ಕಡೆ ಮನೆ ಕಟ್ಟುವವರ ಬಾಯಲ್ಲಿ ಮೊದಲ ಹೆಸರು ಸಾಗವಾನಿ, ಅದರಲ್ಲೂ ಸಿ.ಪಿ. ಸಾಗವಾನಿ. ಹಿಂದಿನ ಸೆಂಟ್ರಲ್ ಪ್ರಾವಿನ್ಸಿನ ಚಾಂದಾ, ಬಲ್ಲಾರ್ಷಾ ಕಾಡುಗಳ ಮರವದು; ಪ್ರಾಂತದ ಹೆಸರು ಅಳಿದರೂ ಅಡ್ಡೆಯಲ್ಲಿ ಮರದ ಹೆಸರು ಉಳಿದಿದೆ. ಆಗತಾನೇ ಕೊಯ್ದ ಸಾಗವಾನಿಯಲ್ಲಿ ಹಸಿರು ಹಸಿರಾದ ಮಚ್ಚೆ, ಪಟ್ಟಿ ಕಾಣುತ್ತವೆ. ಅದನ್ನು ಕಂಡು ಮೋಸಹೋದೆವೆಂದು ಗಾಬರಿಯಾಗುವ ಗಿರಾಕಿಗೆ ಬಡಿಗೇರರು ಹೇಳುವುದು ಒಂದೇ ಮಾತು: “ಹಸರ ಅದ ಅಂತ ಅಂಜಬ್ಯಾಡ್ರಿ ಕಾಕಾ, ನಾಕ ದಿನ ಬಿಸಲಿಗಿ ಇಡ್ರಿ, ತಾನೇ ಬಂಗಾರದಂಗ ಆಗ್ತದ.” ಹಾಗೇ ಆಗುತ್ತದೆ. ಇಲ್ಲಿ ಬಿಸಿಲು ಬಣ್ಣ ಕೆಡಿಸುವುದಿಲ್ಲ, ಹಣ್ಣು ಮಾಡುತ್ತದೆ. ಮರದೊಳಗಿನ ಆ ಒಗರು, ರಾಳ, ಬಣ್ಣದ ವಸ್ತುಗಳು ಬೆಳಕಿಗೆ ಬದಲಾಗಿ ಹಸಿರು ಹೋಗಿ ಹೊಂಗಂದು ಬರುತ್ತದೆ. ಅದೇ ಬೆಂಚನ್ನು ಮುಂದೆ ಮಳೆಗೂ ಬಿಟ್ಟರೆ ಹೊಂಗಂದು ಹೋಗಿ ಬೂದಿ ಬರುತ್ತದೆ ಎಂಬುದು ಬೇರೆ ಮಾತು.

ಬೀಟೆಯದು ಇದಕ್ಕೆ ತಿರುವು. ಕೊಯ್ದಾಗ ನೇರಳೆ ಮಿಶ್ರಿತ ಕಪ್ಪು, ಬಿಸಿಲಲ್ಲಿ ಇಟ್ಟಷ್ಟೂ ತಿಳಿಯಾಗುತ್ತದೆ. ಸಾಮಾನ್ಯವಾಗಿ ತಿಳಿ ಬಣ್ಣದ ಮರಗಳು ಬಿಸಿಲಿಗೆ ಮೊದಲು ಗಾಢವಾಗುತ್ತವೆ, ಗಾಢ ಬಣ್ಣದವು ತಿಳಿಯಾಗುತ್ತವೆ. ಕಡೆಗೆ ಎಲ್ಲವೂ ಬಯಲಲ್ಲಿ ಒಂದೇ ಬೂದಿ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಹತ್ತು ಮಳೆಗಾಲ ಕಂಡ ಸಾಗವಾನಿಯನ್ನೂ ಬೇವನ್ನೂ ಜಾಲಿಯನ್ನೂ ಬಣ್ಣ ನೋಡಿ ಗುರುತಿಸುವುದು ಕಷ್ಟ. ತೂಕ, ನಾರು, ವಾಸನೆ ನೋಡಬೇಕು.

ಮರದೊಳಗಿನ ಈ ರಾಳ, ಒಗರುಗಳು ಬರೀ ಬಣ್ಣಕ್ಕಲ್ಲ. ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಹಲಗೆಗಳನ್ನು ಬಿಸಿಲನ್ನು ಹೋಲುವ ಕ್ಸೆನಾನ್ ದೀಪದಡಿ ಇಟ್ಟು ಪರೀಕ್ಷೆ ಮಾಡಿದ್ದಾರೆ. ರಬ್ಬರ್ ಮರದ ಮೇಲ್ಮೈಯಲ್ಲಿ ಲಿಗ್ನಿನ್ ಬೇಗಬೇಗ ಇಳಿದುಹೋಗುವುದು ಕಂಡುಬಂದಿದೆ. ಅಕೇಶಿಯಾ ಮರದ ರಾಳಗಳನ್ನು ತೊಳೆದು ತೆಗೆದು ಬೆಳಕಿಗೆ ಇಟ್ಟರೆ ಅದರ ಲಿಗ್ನಿನ್ ಇನ್ನೂ ಬೇಗ ಕೆಡುತ್ತದೆ, ಅಂದರೆ ರಾಳ ಮರಕ್ಕೆ ಒಂದು ರಕ್ಷೆ. ಈಗ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ರಬ್ಬರ್ ಮರದ ಕುರ್ಚಿ, ಮೇಜುಗಳು ಪಡಸಾಲೆಯೊಳಗೆ ಚೆನ್ನ. ಅಂಗಳಕ್ಕೆ ಅವು ಆಗಿಬರುವುದಿಲ್ಲ. ಬಣ್ಣವಷ್ಟೇ ಅಲ್ಲ, ಒದ್ದೆಯಾದರೆ ಮರವೇ ಕೊಳೆಯುತ್ತದೆ.

ನಡುವೆ ಒಂದು ಚಿಕ್ಕ ಮಾತು. ಬೇವಿಗೋ ಮಾವಿಗೋ ಬಣ್ಣದ ಪುಡಿ ಕಲಸಿ ಬಳಿದು ಸಾಗವಾನಿಯಂತೆ ಮಾಡಿ ಮಾರುವುದು ಎಲ್ಲೆಡೆ ಇದ್ದದ್ದೇ. ಮಾರುವಾಗ ಹೇಳಿ ಮಾರಿದರೆ ತಪ್ಪೂ ಅಲ್ಲ. ಆದರೆ ಆ ಪುಡಿಗಳಲ್ಲಿ ಹೆಚ್ಚಿನವು ನೀರಲ್ಲಿ ಕರಗುವ ಬಣ್ಣಗಳು, ಬಿಸಿಲಿಗೆ ಮೊದಲು ಹಾರುವುದು ಅವೇ. ಅಂಗಳಕ್ಕೆ ಹಾಕಿದರೆ ಎರಡು ಬೇಸಿಗೆಯೊಳಗೆ ಮರ ತನ್ನ ಜಾತಿ ಹೇಳಿಕೊಳ್ಳುತ್ತದೆ.

ಈಗ ವಾರ್ನಿಷಿನ ವಿಚಾರ. ಹೊಳೆಯುವ ಪಾರದರ್ಶಕ ವಾರ್ನಿಷ್ ಬಳಿದಾಗ ಮರಕ್ಕೆ ಗಾಜಿನ ಹೊದಿಕೆ ಹಾಕಿದಂತಾಗುತ್ತದೆ. ಹೊದಿಕೆ ಪಾರದರ್ಶಕವಾದ್ದರಿಂದಲೇ ಮರದ ಗೆರೆಗಳು ಚೆಂದ ಕಾಣುತ್ತವೆ. ಪಾರದರ್ಶಕವಾದ್ದರಿಂದಲೇ ಬಿಸಿಲೂ ಅದನ್ನು ದಾಟಿ ಮರವನ್ನು ಮುಟ್ಟುತ್ತದೆ. ಮೇಲೆ ವಾರ್ನಿಷ್ ಹೊಳೆಯುತ್ತಿರುವಾಗಲೇ ಅಡಿಯಲ್ಲಿ ಆ ಕೂದಲೆಳೆಯಷ್ಟು ಪದರದ ಲಿಗ್ನಿನ್ ಕೆಡುತ್ತಿರುತ್ತದೆ. ಅಂಟಿಸಿದ ಗೋಡೆಯೇ ಮಣ್ಣಾದರೆ ಚೀಟಿ ಎಲ್ಲಿ ನಿಂತೀತು? ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುವ ಮರದ ಮೇಲೆ ವಾರ್ನಿಷ್ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಇಳಿದ ನೀರು ಒಣಗಲು ದಾರಿಯಿಲ್ಲದೆ ಅಡಿಯಲ್ಲೇ ಕಪ್ಪು ಕಲೆ ಕಟ್ಟುತ್ತದೆ. ಕಡೆಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮುಂದಿನ ವರ್ಷ ಬಡಿಗೇರರು ಅದನ್ನು ಪೂರ್ತಿ ಉಜ್ಜಿ ತೆಗೆಯಬೇಕು, ಅದಕ್ಕೆ ಕೂಲಿ. ಮತ್ತೆ ವಾರ್ನಿಷ್, ಅದಕ್ಕೆ ಇನ್ನೊಂದು ಕೂಲಿ. ಪ್ರತಿ ಸಲ ಉಜ್ಜುವಾಗಲೂ ಒಂದಿಷ್ಟು ಮರ ಪುಡಿಯಾಗಿ ಹೋಗುತ್ತದೆ. ತಂಪು ದೇಶಗಳಲ್ಲಿ ಏನೂ ಬಳಿಯದೆ ಬಿಟ್ಟ ಮೆತ್ತನೆ ಮರದ ಹಲಗೆ ನೂರು ವರ್ಷಕ್ಕೆ ಸವೆಯುವುದು ಸುಮಾರು 6 ಮಿಲಿಮೀಟರ್. ನಮ್ಮ ಬಿಸಿಲಿಗೆ ಅದಕ್ಕಿಂತ ಹೆಚ್ಚಿದ್ದೀತು, ಸಾಗವಾನಿಯಂಥ ಗಟ್ಟಿ ಮರಕ್ಕೆ ಕಡಿಮೆಯಿದ್ದೀತು. ಹೇಗೆ ನೋಡಿದರೂ ಬೆಂಚಿಗೆ ಬಿಸಿಲಿಗಿಂತ ಪಾಲಿಶ್ ಪೇಪರೇ ಹೆಚ್ಚು ಖರ್ಚಿನ ವೈರಿ.

ಹಾಗೆಂದು ಬಣ್ಣ ಉಳಿಸಿಕೊಳ್ಳಲು ದಾರಿಯೇ ಇಲ್ಲವೆಂದಲ್ಲ. ದಾರಿ ನಮ್ಮ ನೆಲದಲ್ಲೇ ಇದೆ. ಬೀದರಿನ ದಿಬ್ಬವೆಲ್ಲ ಕೆಂಪು ಮುರಕಲ್ಲು. ಅದಕ್ಕೆ ಆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡ್. ಹಬ್ಬಕ್ಕೆ ಹೊಸ್ತಿಲಿಗೆ, ಗೋಡೆಯಂಚಿಗೆ ಬಳಿಯುವ ಹುರಮಂಜದ ಕೆಂಪೂ ಅದೇ. ಕಬ್ಬಿಣದ ಆಕ್ಸೈಡ್ ನೇರಳಾತೀತ ಕಿರಣವನ್ನು ತಾನು ಹೀರಿಕೊಳ್ಳುತ್ತದೆ, ಆದರೆ ಲಿಗ್ನಿನಿನಂತೆ ಕೆಡುವುದಿಲ್ಲ. ಸ್ವೀಡನ್ ದೇಶದಲ್ಲಿ ಫಾಲುನ್ ಊರಿನ ತಾಮ್ರದ ಗಣಿಯ ಕೆಮ್ಮಣ್ಣನ್ನು ಹಿಟ್ಟಿನ ಗಂಜಿ, ಅಗಸೆ ಎಣ್ಣೆಗಳೊಡನೆ ಕುದಿಸಿ ಮರದ ಮನೆಗಳಿಗೆ ಬಳಿಯುವುದು ನೂರಾರು ವರ್ಷಗಳ ರೂಢಿ. ಆ ದೇಶದ ಹಳ್ಳಿಮನೆಗಳೆಲ್ಲ ಕೆಂಪಗೆ ಕಾಣುವುದು ಅದರಿಂದಲೇ. ಅಗಸೆ ನಮ್ಮ ಕಡೆಗೂ ಹೊಸತಲ್ಲ, ಅಗಸಿ ಹಿಂಡಿ ಇಲ್ಲದ ಊಟ ಊಟವೇ ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯಲ್ಲಿ ಚೆನ್ನಾಗಿ ಸೋಸಿದ ಕೆಂಪು ಆಕ್ಸೈಡ್ ಪುಡಿಯನ್ನು ತುಸುವೇ ಕಲಸಿ ತೆಳ್ಳಗೆ ತಿಕ್ಕಿದರೆ ಮರಕ್ಕೆ ಇಟ್ಟಿಗೆಗೆಂಪಿನ ಛಾಯೆ ಬರುತ್ತದೆ, ನಾರಿನ ಗೆರೆಯೂ ಕಾಣುತ್ತದೆ. ಅದು ಪದರವಾಗಿ ನಿಲ್ಲದ್ದರಿಂದ ಸಿಪ್ಪೆ ಏಳುವುದಿಲ್ಲ, ಮೆಲ್ಲಗೆ ಸವೆಯುತ್ತದೆ. ಸವೆದಾಗ ಉಜ್ಜುವ ಕೆಲಸವಿಲ್ಲ, ಧೂಳು ಒರೆಸಿ ಇನ್ನೊಂದು ಕೈ ತಿಕ್ಕಿದರಾಯಿತು.

ಖನಿಜದ ಬಣ್ಣಕ್ಕೆ ಬಿಸಿಲು ಹೆದರುತ್ತದೆ ಎನ್ನಲು ಬೀದರಿನವರಿಗೆ ಹೊರಗಿನ ಸಾಕ್ಷಿ ಬೇಕಿಲ್ಲ. ಮಹಮೂದ್ ಗವಾನನ ಮದರಸಾ ಕಟ್ಟಿದ್ದು 1472ರಲ್ಲಿ. ಅದರ ಮುಖದ ಮೇಲೆ, ಮಿನಾರಿನ ಮೇಲೆ ಅಳಿದುಳಿದ ಹೆಂಚುಗಳ ನೀಲಿ ಐದೂವರೆ ಶತಮಾನದ ಬೇಸಿಗೆಗಳನ್ನು ಬಯಲಲ್ಲೇ ನಿಂತು ಕಂಡಿದೆ. ಹೆಂಚು ಉದುರಿದೆ, ಸಿಡಿಮದ್ದಿನ ಸ್ಫೋಟಕ್ಕೆ ಕಟ್ಟಡದ ಒಂದು ಪಾಲೇ ಬಿದ್ದುಹೋಗಿದೆ. ಉಳಿದ ಹೆಂಚಿನ ನೀಲಿ ಮಾತ್ರ ನೀಲಿಯೇ. ಅದು ಗಾಜಿನೊಳಗೆ ಕರಗಿಸಿದ ಲೋಹದ ಬಣ್ಣ, ಅದರಲ್ಲಿ ಬಿಸಿಲು ಕಡಿಯಬಹುದಾದ ಕೊಂಡಿಗಳಿಲ್ಲ. ಅಲ್ಲಿಂದ ಕೋಟೆಯೊಳಗೆ ಹೋದರೆ ರಂಗೀನ್ ಮಹಲ್. 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹ ಹೊಸದಾಗಿ ರೂಪ ಕೊಟ್ಟ ಆ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪನ್ನು ನೋಡಲು ಎಲ್ಲರೂ ಮುಗಿಬೀಳುತ್ತಾರೆ. ನನಗೆ ಹೆಚ್ಚು ಬೆರಗು ಅಲ್ಲಿಯ ಕೆತ್ತನೆಯ ಮರದ ಕಂಬಗಳು. ಚಾವಣಿಯ ಅಡಿ ನಿಂತ ಮರ ಎಷ್ಟು ಕಾಲ ನಿಲ್ಲಬಲ್ಲುದು, ಉಳಿಯ ಗೆರೆ ಎಷ್ಟು ಚೂಪಾಗಿ ಉಳಿಯಬಲ್ಲುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಅವಕ್ಕಿಂತ ಮೇಲಾದ ಸಾಕ್ಷಿಯಿಲ್ಲ. ಅದೇ ಊರಿನ ಬಿದರಿ ಕುಶಲಿಗರು ಕರಿ ಬಣ್ಣಕ್ಕೆ ಬಳಸುವ ಕೋಟೆಯ ಮಣ್ಣು ಎಷ್ಟೋ ಕಾಲ ಬಿಸಿಲು ಮಳೆ ಕಾಣದ್ದಾಗಿರಬೇಕು ಎನ್ನುತ್ತಾರೆ. ಬಿಸಿಲಿನ ಈ ನಾಡಿನಲ್ಲಿ ನೆರಳಿಗೆ ಅದರದೇ ಬೆಲೆ.

ಮರದ ತಾಪತ್ರಯವೇ ಬೇಡವೆಂದು ಪ್ಲಾಸ್ಟಿಕ್ ಕುರ್ಚಿ ತಂದವರೂ ಬಿಸಿಲಿನಿಂದ ಪಾರಾಗಿಲ್ಲ. ಕೆಲವು ಬೇಸಿಗೆ ಹೊರಗೇ ಬಿದ್ದ ಕುರ್ಚಿ ಸುಣ್ಣ ಹಚ್ಚಿದಂತೆ ಬಿಳಿಚಿಕೊಂಡು, ಒಂದು ದಿನ ಬೀಗರು ಕೂತಾಗಲೇ ಕಾಲು ಮುರಿಯುತ್ತದೆ. ಅಲ್ಲಿಯೂ ಕೊಂಡಿ ಕಡಿಯುವುದು ಅದೇ ನೇರಳಾತೀತ ಕಿರಣ. ಬೆಳ್ಳಗಾದ ಸಾಗವಾನಿ ಬೆಂಚಿನ ಬಲ ಮಾತ್ರ ಕುಗ್ಗಿರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಬಯಲಿನ ಬೆಂಚು ಸಾಗವಾನಿಯದೋ ಗಟ್ಟಿ ಜಾಲಿಯದೋ ಆಗಿದ್ದರೆ ಬೂದಿ ಬಣ್ಣಕ್ಕೆ ಹೋಗಲು ಬಿಡಿ. ಒಪ್ಪಿಗೆಯಾಗದಿದ್ದರೆ ದೀಪಾವಳಿ ಕಳೆದ ಮೇಲೆ, ಮರ ಚೆನ್ನಾಗಿ ಒಣಗಿದಾಗ, ಎಣ್ಣೆ ಕೆಂಪು ತಿಕ್ಕಿ. ಅರ್ಧ ತಾಸಿನ ನಂತರ ಮರ ಕುಡಿಯದೆ ಉಳಿದ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು, ಇಲ್ಲದಿದ್ದರೆ ಜಿಗುಟು ಕಟ್ಟಿ ಧೂಳು ಹಿಡಿದು ಬೂಷ್ಟು ಬರುತ್ತದೆ. ಮರವನ್ನು ನಿಜವಾಗಿ ಕೊಲ್ಲುವುದು ಬುಡದ ತೇವ ಮತ್ತು ಗೆದ್ದಲು. ಅದಕ್ಕೇ ಬೆಂಚಿನ ಕಾಲುಗಳನ್ನು ಮಣ್ಣಿನ ಮೇಲೆ ಇಡದೆ ಕಲ್ಲಿನ ಮೇಲೆ ಇಡಿ. ಎರೆ ನೆಲದ ಹಸಿ ಮಳೆ ನಿಂತ ಎಷ್ಟೋ ದಿನದ ತನಕ ಆರುವುದಿಲ್ಲ. ಮೊಳೆಯ ಸುತ್ತ ಕಾಣುವ ನೀಲಿಗಪ್ಪು ಕಲೆ ಬಿಸಿಲಿನದಲ್ಲ, ಬೂಷ್ಟಿನದೂ ಅಲ್ಲ. ಕಬ್ಬಿಣ ಮರದ ಒಗರಿನೊಡನೆ ಒದ್ದೆಯಲ್ಲಿ ಸೇರಿ ಆದ ಮಸಿ. ಜಾಲಿಯಲ್ಲಿ ಒಗರು ಹೆಚ್ಚು, ಕಲೆಯೂ ಹೆಚ್ಚು. ಲಿಂಬೆಹಣ್ಣಿನ ಹೋಳಿನಿಂದ ತಿಕ್ಕಿ ನೀರಲ್ಲಿ ತೊಳೆದರೆ ಹೊಸ ಕಲೆ ಬಹುಮಟ್ಟಿಗೆ ಹೋಗುತ್ತದೆ. ಹಿತ್ತಾಳೆಯ ಸ್ಕ್ರೂ ಹಾಕಿಸಿದರೆ ಕಲೆಯ ಗೊಡವೆಯೇ ಇಲ್ಲ.

ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಸಿಕ್ಕಿಕೊಂಡು, ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಿದ ಉದಾಹರಣೆಗಳಿವೆ. ಅರಿವೆಯನ್ನು ಬಯಲಲ್ಲಿ ಬಿಡಿಸಿ ಹರವಿ, ಪೂರಾ ಒಣಗಿ ಸೆಟೆದ ಮೇಲೆ ಎಸೆಯಿರಿ. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮರೆಯಬೇಡಿ.